ಖಾಲಿ ಜೋಲಿಯ ತೂಕ

ನಾನು ಕದ್ರಿಯಲ್ಲಿ ಆಶಾ ಕಾರ್ಯಕರ್ತೆ. ಬಾಣಂತಿಯರ ಮನೆಗೆ ಹೋಗಿ ಮಗುವನ್ನು ಬಟ್ಟೆಯ ಜೋಲಿಯಲ್ಲಿಟ್ಟು ತಕ್ಕಡಿಗೆ ನೇತುಹಾಕಿ ತೂಕ ನೋಡುತ್ತೇನೆ. ಮೊದಲು ಖಾಲಿ ಜೋಲಿ ನೇತುಹಾಕಿ ಮುಳ್ಳನ್ನು ಸೊನ್ನೆಗೆ ನಿಲ್ಲಿಸುವುದು ನಮ್ಮ ಕ್ರಮ.

ಹೆರಿಗೆಯಾದ ಏಳನೇ ದಿನ ಬಾಣಂತಿ ಶರ್ಲಿಯ ಮನೆಯಲ್ಲಿ ಮುಳ್ಳು ಸೊನ್ನೆಗೆ ನಿಲ್ಲಲೇ ಇಲ್ಲ. ಖಾಲಿ ಜೋಲಿ ಇನ್ನೂರು ಗ್ರಾಂ ತೂಗಿತು. ಮಗುವಿನ ತೂಕ ಸರಿಯಾಗಿ ಅಷ್ಟೇ ಇಳಿದಿತ್ತು. ಹದಿನಾಲ್ಕನೇ ದಿನ ಖಾಲಿ ಜೋಲಿ ನಾನೂರು; ಮಗು ಮತ್ತೆ ಇನ್ನೂರು ಇಳಿದಿತ್ತು. ಬಟ್ಟೆ ಮುಟ್ಟಿದರೆ ಬೆಚ್ಚಗಿತ್ತು.

"ಮಗುವನ್ನು ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗುವ," ಎಂದೆ.

"ಎಂತ ಮಾರಾಯ್ತಿ, ನಿನ್ನ ತಕ್ಕಡಿ ಹಾಳಾದ್ರೆ ನಮ್ಮ ಮಗುವಿಗೆ ಆಸ್ಪತ್ರೆಯಾ? ಇನ್ನು ಇಲ್ಲಿಗೆ ಬರ್ಲೇಬೇಡ!" ಎಂದು ಶರ್ಲಿಯ ಅತ್ತೆ ಬರ್ನಡೆಟ್ ಬಾಗಿಲು ತೋರಿಸಿದರು.

ನಾನು ಖಾಲಿ ಜೋಲಿ ಮಡಚುವಾಗ ಶರ್ಲಿ ಪಿಸುಗುಟ್ಟಿದಳು: "ಅಕ್ಕ, ಮೆಲ್ಲ. ಅದು ಮಲಗಿದೆ."

ಇಪ್ಪತ್ತೊಂದನೇ ದಿನ ಅವರು ಬಾಗಿಲು ತೆರೆಯಲಿಲ್ಲ. ಮೆಟ್ಟಿಲಲ್ಲೇ ನಿಂತು ಖಾಲಿ ಜೋಲಿ ತೂಗಿದೆ: ಎರಡು ಕಿಲೋ ಎಂಟುನೂರು. ಶರ್ಲಿಯ ಮಗು ಹುಟ್ಟಿದಾಗಿನ ತೂಕ ಅದೇ.