ಚೌರಮ್ಮನ ಜೊತೆ ನಡೆದವನು

ಬಹಳ ಹಿಂದೆ, ಮಂಜಿನಕೋಟೆ ಎಂಬ ರಾಜ್ಯದಲ್ಲಿ ಕಂಬಳಿ ನೇಯುವ ಚೌರಮ್ಮ ಎಂಬ ಹೆಂಗಸಿದ್ದಳು. ಗುಡ್ಡದಲ್ಲಿ ಕುರಿ ಕಾಯುತ್ತಿದ್ದ ಅವಳ ತಮ್ಮ ರಾಯಪ್ಪನನ್ನು ಕರಾಳಕೇತು ಎಂಬ ಮಾಂತ್ರಿಕ ಹಿಡಿದು ಕಲ್ಲು ಮಾಡಿಬಿಟ್ಟ. ರಾಜನ ಸೈನಿಕರು ಹೋದರು, ಹೆದರಿ ಓಡಿಬಂದರು. ಚೌರಮ್ಮ ಚರ್ಚಿನಲ್ಲಿ ಮೊಣಕಾಲೂರಿ, "ದೇವರೇ, ಒಬ್ಬ ದೇವದೂತನನ್ನಾದರೂ ಕಳಿಸಪ್ಪಾ" ಎಂದು ಬೇಡಿದಳು.

ಹೊರಗೆ ಬಂದರೆ ಬಾಗಿಲಲ್ಲಿ ಒಬ್ಬ ಸಣಕಲು ಮನುಷ್ಯ. ಕಾಲೆಲ್ಲ ಧೂಳು.

"ಚೌರಮ್ಮ, ಹೆದರಬೇಡ. ದೇವರು ನನ್ನನ್ನು ಕಳಿಸಿದ್ದಾನೆ" ಎಂದ.

"ನಿನ್ನನ್ನಾ? ರೆಕ್ಕೆ ಎಲ್ಲಿ? ಕತ್ತಿ ಎಲ್ಲಿ?"

"ತಂದಿಲ್ಲ."

"ಸರಿಹೋಯ್ತು!" ಎಂದು ಚೌರಮ್ಮ ಹಣೆ ಚಚ್ಚಿಕೊಂಡಳು. ಆದರೂ ಇಬ್ಬರೂ ಹೊರಟರು.

ದಾರಿಯಲ್ಲಿ ಬೆಂಕಿ ಉಗುಳುವ ತೋಳ ಅಡ್ಡ ಬಂತು. "ಹೆದರಬೇಡ" ಎಂದ ದೂತ.

"ಅದೊಂದೇ ಮಾತು ಕಲಿತು ಬಂದಿದ್ದೀಯಾ?" ಎಂದು ರೇಗಿದ ಚೌರಮ್ಮ ಅದೇ ಸಿಟ್ಟಿನಲ್ಲಿ ತೋಳದತ್ತ ನಡೆದಳು. ಒಂದೊಂದು ಹೆಜ್ಜೆಗೂ ತೋಳ ಕುಗ್ಗಿತು. ಕೊನೆಗೆ ನಾಯಿಮರಿಯಷ್ಟಾಗಿ ಪೊದೆಗೆ ನುಗ್ಗಿತು.

ಮುಂದೆ ಮೈ ಹೆಪ್ಪುಗಟ್ಟಿಸುವಷ್ಟು ತಣ್ಣನೆಯ ಕಪ್ಪು ಹೊಳೆ. "ಎತ್ತಿಕೊಂಡು ಹಾರಿಸಬಾರದೇನಪ್ಪಾ?"

"ಹಾರಿಸು ಅಂತ ಅಪ್ಪಣೆಯಾಗಿಲ್ಲಮ್ಮ. ಜೊತೆಗೆ ನಡಿ ಅಂತ ಆಗಿದೆ."

ಚೌರಮ್ಮ ಗೊಣಗುತ್ತಲೇ ನೀರಿಗಿಳಿದಳು. ಕುತ್ತಿಗೆಯವರೆಗೂ ನೀರು ಬಂತು. ಹಲ್ಲು ಕಟಕಟಿಸುವಾಗ ತಿರುಗಿ ನೋಡಿದರೆ ದೂತನೂ ಗಡಗಡ ನಡುಗುತ್ತಿದ್ದ. ಆದರೂ ಅವಳ ಕೈ ಬಿಟ್ಟಿರಲಿಲ್ಲ.

ಹೊಳೆಯಾಚೆ ಮಾಂತ್ರಿಕನ ಗವಿ. ಅದರೊಳಗಿಂದ ಕಣ್ಣು ಕೋರೈಸುವ ಬೆಳಕು ಹೊಮ್ಮಿತು. ಬಂಗಾರದ ರೆಕ್ಕೆಯ, ಉರಿಯುವ ಕತ್ತಿ ಹಿಡಿದ ಒಬ್ಬ ಎದುರು ನಿಂತ.

"ನಾನೇ ನಿಜವಾದ ದೇವದೂತ. ನನ್ನ ಕಾಲಿಗೆ ಬೀಳು, ಈ ಕ್ಷಣವೇ ನಿನ್ನ ತಮ್ಮನನ್ನು ಕೊಡುತ್ತೇನೆ."

ಅವನ ಹಿಂದೆ ರಾಯಪ್ಪ ಕಲ್ಲಾಗಿ ನಿಂತಿದ್ದ. ಚೌರಮ್ಮ ತಮ್ಮನತ್ತ ಒಂದು ಹೆಜ್ಜೆ ಇಟ್ಟಳು. ಮೊಣಕಾಲು ತಾನಾಗಿ ಬಾಗಿತು. ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತಿದ್ದವನನ್ನು ಕೇಳಿದಳು: "ನಿನ್ನ ಕಾಲಿಗೆ ಬಿದ್ದರೆ?"

"ಬೇಡಮ್ಮ!" ಅವನು ಗಾಬರಿಯಾಗಿ ಹಿಂದೆ ಸರಿದ. "ನಾನೂ ಆಳು. ಅಡ್ಡಬೀಳುವುದು ದೇವರಿಗೆ ಮಾತ್ರ."

ಚೌರಮ್ಮ ನೆಟ್ಟಗೆ ನಿಂತಳು. "ಕೇಳಿದೆಯಾ, ಕರಾಳಕೇತು? ದೇವರ ಕಡೆಯವನು ಹೀಗೆ ಮಾತಾಡುತ್ತಾನೆ. ನಿನಗೆ ನಾನು ಬಾಗುವುದಿಲ್ಲ. ಯೇಸುವಿನ ಹೆಸರಲ್ಲಿ ನನ್ನ ತಮ್ಮನನ್ನು ಬಿಡು!"

ಬಂಗಾರದ ರೆಕ್ಕೆ ಮಸಿಯಾಗಿ ಉದುರಿತು. ಮಾಂತ್ರಿಕ ಹೊಗೆಯಾಗಿ ಹೋದ. ಕಲ್ಲು ಉಸಿರಾಡಿತು.

"ಅಕ್ಕಾ, ಯಾಕೆ ಅಳ್ತಿದ್ದೀಯ?" ಎಂದ ರಾಯಪ್ಪ.

ಅವನನ್ನು ತಬ್ಬಿಕೊಂಡು ಚೌರಮ್ಮ ತಿರುಗಿ ನೋಡಿದಳು. ದೂತನಿರಲಿಲ್ಲ.

"ಅಯ್ಯೋ, ಒಂದು ಮಾತು ಹೇಳಿ ಹೋಗಬಾರದಿತ್ತೇ!" ಎಂದು ಬೈದಳು. ಬೈಯುತ್ತಲೇ ಆಕಾಶದ ಕಡೆ ಕೈ ಮುಗಿದಳು.

ಆಮೇಲೆ ಮಂಜಿನಕೋಟೆಯ ಜನ ನಿರ್ಭಯವಾಗಿ ಗುಡ್ಡ ಹತ್ತಿದರು, ಕುರಿಗಳು ಕೊಬ್ಬಿದವು, ಅಕ್ಕ ತಮ್ಮ ತಣ್ಣಗೆ ಬಾಳಿದರು.