ನೀಲಿ ಗುಂಡುಹುಳ

“ಇದನ್ನ ಕೊಡೂದು ಬ್ಯಾಡ. ಇಂಥಾವು ಬಚ್ಚಲ ಹಿಂದ ರಗಡ ಅದಾವ,” ಎಂದು ಸಮತಾ ಮುಖ ತಿರುಗಿಸಿದಳು.

ಗೆಳತಿ ಮಾಸೂಮಾಳ ಅಂಗೈಯಲ್ಲಿ ಮಣ್ಣಿನ ಬಣ್ಣದ ಗುಂಡುಹುಳವೊಂದು ಮುದುಡಿ ಕೂತಿತ್ತು. ಮುಟ್ಟಿದರೆ ಸಾಕು, ಗೋಲಿಯ ಹಾಗೆ ಉಂಡೆಯಾಗುವ ಹುಳ. ಅವಳು ಐಸ್‌ಕ್ರೀಮ್ ಡಬ್ಬಿಯಲ್ಲಿ ಸಾಕಿದ್ದವುಗಳಲ್ಲಿ ಅದೇ ದೊಡ್ಡದು. ಅದಕ್ಕೇ ಮಾಸೂಮಾ ಅದಕ್ಕೆ ದೊಡ್ಡವ್ವ ಎಂದು ಹೆಸರಿಟ್ಟಿದ್ದಳು.

“ದೊಡ್ಡವ್ವನ ಹೊಟ್ಟಿ ಕೆಳಗ ತತ್ತಿ ಅದಾವ, ನೋಡು. ಆಪಾಗ ಇದ ಸೇರತೈತಿ,” ಎಂದಳು ಮಾಸೂಮಾ.

ಆಪಾ ಎಂದರೆ ಅವಳ ದೊಡ್ಡಪ್ಪನ ಮಗಳು ಶಾಹೀನ. ಹಾವೇರಿಯ ಕಾಲೇಜಿನಲ್ಲಿ ಓದುತ್ತಾಳೆ. ಊರೂರಿನ ಗುಂಡುಹುಳಗಳನ್ನು ತಂದು ಡಬ್ಬಿಗಳಲ್ಲಿ ಸಾಕುವುದು ಅವಳ ಹುಚ್ಚು. ಅವಕ್ಕೆ ಐಸೊಪಾಡ್ ಎನ್ನುತ್ತಾರೆಂದು ಹೇಳಿಕೊಟ್ಟವಳೂ ಅವಳೇ. “ದಸರಾ ಸೂಟಿಗೆ ಬಂಕಾಪುರಕ್ಕ ಬರ್ತೇನಿ. ಬ್ಯಾರೆ ಎಲ್ಲೂ ಸಿಗದಂಥಾದ್ದು ಆರಿಸಿ ಇಡ್ರಿ,” ಎಂದು ಹೇಳಿ ಹೋಗಿದ್ದಳು.

ಅಂಥದ್ದು ಸಮತಾಗೆ ಸಿಕ್ಕೇಬಿಟ್ಟಿತ್ತು. ಕಲ್ಲಿನ ಕೆಳಗೆ ಇಂಕು ಚೆಲ್ಲಿದಂಥ ನೀಲಿ ಹುಳ. ಅವಳ ಸಂತೋಷಕ್ಕೆ ಪಾರವೇ ಇರಲಿಲ್ಲ.

“ಮುಟ್ಟಿದ್ರೂ ಉಂಡಿ ಆಗವಲ್ದು. ಇದನ್ನ ಬ್ಯಾರೆ ಡಬ್ಬಿಗೆ ಇಡೂಣು,” ಎಂದಳು ಮಾಸೂಮಾ.

“ಇದು ರಾಣಿ. ರಾಣಿ ಯಾಕ ಹೆದರತಾಳ?” ಎಂದು ಸಮತಾ ಅದನ್ನು ಮಾಸೂಮಾಳ ಐಸ್‌ಕ್ರೀಮ್ ಡಬ್ಬಿಗೇ ಬಿಟ್ಟಳು.

ರಾಣಿ ಬಹಳ ದಿನ ಬಾಳಲಿಲ್ಲ. ಸತ್ತದ್ದನ್ನು ಉಳಿದ ಹುಳಗಳು ತಿಂದು ಮುಗಿಸಿದವು. ಸಮತಾ ಊಟ ಬಿಟ್ಟು ಅತ್ತಳು.

ಆದರೆ ಕೆಲವು ವಾರಗಳಲ್ಲಿ ಇನ್ನೊಂದು ಹುಳದ ಬೆನ್ನು ನೀಲಿಯಾಯಿತು. ಆಮೇಲೆ ಮತ್ತೊಂದರದು. ಸಮತಾ ಅಂಗಳದ ತುಂಬ ಕುಣಿದಾಡಿದಳು. “ರಾಣಿ ಹೋಗೂಮುಂದ ಎಲ್ಲಾರಿಗೂ ಬಣ್ಣ ಹಂಚಿ ಹೋಗ್ಯಾಳ!”

“ದೊಡ್ಡವ್ವ ಗಜ್ಜರಿ ತಿನ್ನವಲ್ದು,” ಎಂದಳು ಮಾಸೂಮಾ ಸಣ್ಣ ದನಿಯಲ್ಲಿ.

“ನಿನಗ ಹೊಟ್ಟಿಕಿಚ್ಚು,” ಎಂದುಬಿಟ್ಟಳು ಸಮತಾ.

ದಸರಾ ರಜೆಗೆ ಶಾಹೀನ ಬಂದಳು. ನಗುತ್ತ ಮುಚ್ಚಳ ತೆಗೆದವಳ ಮುಖ ಸಪ್ಪಗಾಯಿತು. ಡಬ್ಬಿಯಲ್ಲಿ ಅರ್ಧದಷ್ಟು ಸತ್ತು ಬಿದ್ದಿದ್ದವು.

“ಇದು ಬಣ್ಣ ಅಲ್ಲ, ಜಡ್ಡು,” ಎಂದಳು. “ಒಳಗ ವೈರಸ್ ಹೊಕ್ಕರ ಹಿಂಗ ನೀಲಿ ಆಗತಾವ. ಆಮ್ಯಾಲೆ ಉಳಿಯೂದಿಲ್ಲ. ಸತ್ತದ್ದನ್ನ ತಿಂದಾವಕ್ಕೂ ಹತ್ತತೈತಿ. ಮೊದಲನೇದ್ದು ಯಾರು ಹಾಕಿದ್ರಿ?”

ಮಾಸೂಮಾ ಡಬ್ಬಿಯ ಮೇಲೆ ಬಗ್ಗಿ ದೊಡ್ಡವ್ವನನ್ನು ಹುಡುಕತೊಡಗಿದಳು. ಅವಳು ಬೈದಿದ್ದರೂ ಸಮತಾಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಒಂದೊಂದು ಹುಳ ಜಡ್ಡು ಬಿದ್ದಾಗಲೂ ತಾನು ಕುಣಿದದ್ದು ನೆನಪಾಯಿತು.

“ನಾನು ಹಾಕಿದ್ನಿರಿ, ಅಕ್ಕಾ. ಮಾಸೂಮಾ ಬ್ಯಾಡ ಅಂದಿದ್ಲು.”

“ಇದಕ್ಕ ಔಷಧ ಇಲ್ಲವ್ವಾ. ನೀಲಿ ಆಗದಾವು ಇದ್ರ ಆರಿಸಿ ಬ್ಯಾರೆ ಇಡ್ರಿ. ಉಳದ್ರ ಉಳೀತಾವ,” ಎಂದು ಶಾಹೀನ ಖಾಲಿ ಡಬ್ಬಿಯೊಂದನ್ನು ಕೊಟ್ಟಳು.

ಗೆಳತಿಯರಿಬ್ಬರೂ ಅಂಗಳದಲ್ಲಿ ಕೂತರು. ಒಣ ಎಲೆಯ ಮೇಲೆ ದೊಡ್ಡವ್ವ ಬಿದ್ದುಕೊಂಡಿತ್ತು. ಸಮತಾ ಮೆಲ್ಲಗೆ ಮುಟ್ಟಿದಳು. ಕಾಲುಗಳು ಅಲುಗಾಡಿದವು, ಉಂಡೆಯಾಗಲಿಲ್ಲ. ಬೆನ್ನೆಲ್ಲ ಇಂಕಿನ ಬಣ್ಣ.

ತಳದಲ್ಲಿದ್ದ ಇನ್ನೊಂದು ಎಲೆಯನ್ನು ಅವಳು ಎತ್ತಿದಳು. ಅದರ ಅಡಿಯಲ್ಲಿ ಎಳ್ಳಿನಷ್ಟು ಸಣ್ಣ ಮರಿಗಳು ಹರಿದಾಡುತ್ತಿದ್ದವು. ದೊಡ್ಡವ್ವನ ಮರಿಗಳು.

ಮಾಸೂಮಾಳ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. “ಯಾವ ಬಣ್ಣ ಅದಾವ?” ಎಂದು ಕೇಳಿದಳು.

ಸಮತಾ ಎಲೆಯನ್ನು ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿದಳು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

“ಮಣ್ಣಿನ ಬಣ್ಣ,” ಎಂದಳು. “ಎಲ್ಲಾ ಬರೇ ಮಣ್ಣಿನ ಬಣ್ಣ.”

ಮರಿಗಳನ್ನು ಹೊಸ ಡಬ್ಬಿಗೆ ಬಿಡುವಾಗ, ನಾಳೆಯೂ ಇವು ಹೀಗೇ ಇರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.