ನೇರಳೆ ಕಲ್ಲಿನ ಗವಿ

ಅಪ್ಪ ಕಲ್ಲು ತೆಗೆದ ಜಾಗದಿಂದಲೇ ಇನ್ನೊಂದು ತುಂಡು ತರಬೇಕು, ಅದೂ ನಾಳೆಯೊಳಗೆ. ಮಗಳು ಸೋದರಮಾವನ ಜೊತೆ ಹೊರಟಿದ್ದು ಅಷ್ಟಕ್ಕೇ.

ಕಲ್ಲು ಸಂಗ್ರಹಿಸುವ ಹುಚ್ಚಿದ್ದ ಹಲ್ಲಿನ ಡಾಕ್ಟರು ಅಪ್ಪನ ನೆಲಮಾಳಿಗೆಯ ಅಂಗಡಿಯಲ್ಲಿ ಅಮೆಥಿಸ್ಟ್ ಎಂದು ಚೀಟಿ ಬರೆದಿದ್ದ ನೇರಳೆ ಕಲ್ಲು ಕೊಂಡಿದ್ದರು. ತಮ್ಮ ಮನೆಯಂಗಳದಲ್ಲಿ ಪೊಟ್ಟಣ ಬಿಚ್ಚಿದರೆ ಹಸಿರು ಕಲ್ಲು! ಅಪ್ಪ ಕಲ್ಲು ಬದಲಿಸಿದ ಎಂದು ಸಂಗ್ರಾಹಕರ ಸಂಘಕ್ಕೆ ದೂರು ಹೋಯಿತು. ನಾಳೆ ಅಲ್ಲಿ ವಿಚಾರಣೆ. ಮೂವತ್ತು ವರ್ಷ ತಲೆಯೆತ್ತಿ ಬಾಳಿದ ಮನುಷ್ಯ ಊಟ ಬಿಟ್ಟು ಕೂತ. ಅಪ್ಪ ಮೋಸ ಮಾಡುವವನಲ್ಲ. ಹಾಗಾದರೆ ಹಸಿರು ಎಲ್ಲಿಂದ ಬಂತು? ಯೋಚಿಸಿ ಯೋಚಿಸಿ ಅವಳ ತಲೆ ಕೆಟ್ಟಿತ್ತು.

ಗುಡ್ಡದ ಬೆನ್ನಿಗೆ ಮುಳ್ಳುಪೊದೆಗಳು ಒತ್ತಾಗಿ ಹಬ್ಬಿದ್ದವು. ಅವುಗಳ ಹಿಂದೆ, ಒಬ್ಬರು ಬಗ್ಗಿ ನುಗ್ಗುವಷ್ಟೇ ಅಗಲದ ಬಾಯಿ. ಒಳಗಿನಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಇಬ್ಬರೂ ಹಣೆಗೆ ಹಳದಿ ಬಲ್ಬಿನ ದೀಪ ಕಟ್ಟಿಕೊಂಡು ತೆವಳಿದರು.

"ಎಡಗಡೆ ಕಾಲಿಡ್ಬೇಡ, ಅಲ್ಲಿ ನೆಲ ಇಲ್ಲ," ಎಂದ ಮಾವ.

ಬಲಗಡೆಯೂ ಇರಲಿಲ್ಲ. ಕಲ್ಲು ಕುಸಿಯಿತು. ಅವಳು ಜಾರಿದಳು. ಸೊಂಟದ ಹಗ್ಗ ಬಿಗಿಯಿತು. ಕೆಳಗೆ ನೀರಿನ ಸದ್ದು.

"ಕೈ ಬಿಡಲ್ಲ ಕಣೇ. ಗೋಡೆಗೆ ಕಾಲು ಕೊಡು."

ಮೇಲೆ ಬಂದಾಗ ಮೊಣಕೈ ಸುಲಿದಿತ್ತು. ಎದುರಿನ ಗೋಡೆಯ ತುಂಬ ನೇರಳೆ ಹರಳುಗಳು! ಹಸಿರು ಒಂದೂ ಇಲ್ಲ. ಅವಳು ಉಳಿ ಹಿಡಿದು ಒಂದು ಗೊಂಚಲು ಎಬ್ಬಿಸಿ ಚೀಲಕ್ಕೆ ಹಾಕಿಕೊಂಡಳು.

ಹೊರಗೆ ಬಿಸಿಲಲ್ಲಿ ಚೀಲ ಬಿಚ್ಚಿದಳು. ಹಸಿರು.

"ಮಾವ, ಚೀಲ ಮುಟ್ಟಿದ್ಯಾ?"

"ನಿನ್ನ ಹೆಗಲ ಮೇಲೇ ಇತ್ತಲ್ಲೇ."

ತನ್ನ ಕಣ್ಣನ್ನೇ ನಂಬದಾದಳು. ಮತ್ತೆ ಗವಿಗೆ ನುಗ್ಗಿ ದೀಪ ಹಿಡಿದಳು. ನೇರಳೆ. ಹೊರಗೆ ತಂದಳು. ಹಸಿರು. ಮೂರು ಸಲ ಹೋಗಿ ಬಂದಳು. ಮಾವ ಚಾಕುವಿನಿಂದ ಗೀರಿದ. ಕಲ್ಲಿಗೆ ಗೆರೆ ಬಿತ್ತು.

"ಅಮೆಥಿಸ್ಟ್ ಚಾಕುಗೆ ಬಗ್ಗಲ್ಲ. ಇದು ಫ್ಲೋರೈಟ್ ಅನ್ನೋ ಮೆದು ಕಲ್ಲು ಕಣೇ. ಕೆಲವು ಹಿಂಗೇ, ಬೆಳಕು ಬದಲಾದ್ರೆ ಬಣ್ಣ ಬದಲಾಗತ್ತೆ."

ಅವಳಿಗೆ ಆಗ ಹೊಳೆಯಿತು. ಬಿಸಿಲಿಗೆ ಅಮೆಥಿಸ್ಟಿನ ಬಣ್ಣ ಮಾಸುತ್ತದೆಂದು ಅಪ್ಪ ಆ ಕಲ್ಲುಗಳನ್ನು ಗವಿಯಿಂದ ಬಟ್ಟೆ ಸುತ್ತಿ ತಂದು, ನೆಲಮಾಳಿಗೆಯ ಹಳದಿ ಬಲ್ಬಿನಡಿ ಮಾರುತ್ತಿದ್ದ. ಅಷ್ಟು ಜೋಪಾನ ಮಾಡಿ ಅವನ್ನು ಒಂದು ದಿನವೂ ಹಗಲಲ್ಲಿ ನೋಡಿರಲಿಲ್ಲ.

ಮರುದಿನ ಸಂಘದ ಕೋಣೆಯ ಕಿಟಕಿಯ ಬಳಿ ಅವಳು ಕಲ್ಲನ್ನು ಬಿಸಿಲಿಗೂ ಹಳದಿ ದೀಪಕ್ಕೂ ಹಿಡಿದು ತೋರಿಸಿದಳು. ಡಾಕ್ಟರು ತಾವೇ ಪರದೆ ಎಳೆದು, ದೀಪ ಹಚ್ಚಿ, ಆರಿಸಿ ನೋಡಿದರು. ಕೊನೆಗೆ ಅಪ್ಪನ ಕೈ ಹಿಡಿದು, "ನನ್ನದು ತಪ್ಪಾಯ್ತು," ಎಂದರು.

"ಕಲ್ಲು ಬದಲಾಯಿಸಿಲ್ಲ ನಿಜ," ಎಂದ ಅಪ್ಪ. "ಹೆಸರು ಮಾತ್ರ ನಾನೇ ತಪ್ಪು ಬರೆದಿದ್ದು."

ಅಂದು ಅಪ್ಪ ಹೊಟ್ಟೆ ತುಂಬ ಉಂಡ. ಎದ್ದವನೇ ಅಂಗಡಿಯ ಪೆಟ್ಟಿಗೆಗಳನ್ನು ಒಂದೊಂದಾಗಿ ಬೀದಿಯ ಬಿಸಿಲಿಗೆ ಹೊರತೊಡಗಿದ.